ನೋವಿಲ್ದಿರೋ ಗಂಟನ್ನೇ ಮೊದ್ಲು ತೋರಿಸಿ

"ನೋವೇನೂ ಇರ್ಲಿಲ್ಲ ಮೇಡಂ, ಅದಕ್ಕೇ ಸುಮ್ನಿದ್ದೆ." ನಮ್ಮ ಓಪಿಡಿಯಲ್ಲಿ ಈ ಮಾತು ಕೇಳದ ವಾರ ಇಲ್ಲ. ಸ್ತನದಲ್ಲಿ ಗಂಟು ಕೈಗೆ ಸಿಕ್ಕಿ ಆರು ತಿಂಗಳೋ ವರ್ಷವೋ ಆಗಿರುತ್ತೆ, ಸ್ನಾನ ಮಾಡುವಾಗ ಗೊತ್ತಾಗಿರುತ್ತೆ, ಆದ್ರೆ ಮಗಳ ಮದುವೆ ಆಗ್ಲಿ, ಮಗನ ಪಿಯುಸಿ ಪರೀಕ್ಷೆ ಮುಗೀಲಿ, ಕೊಯ್ಲು ಮುಗೀಲಿ ಅಂತ ಮುಂದಕ್ಕೆ ಹಾಕ್ಕೊಂಡು ಬಂದಿರ್ತಾರೆ, ಎಷ್ಟೋ ಜನ ಗಂಡನಿಗೂ ಹೇಳಿರಲ್ಲ. ಬೈಯೋಕೆ ಮನಸ್ಸು ಬರಲ್ಲ, ಯಾಕಂದ್ರೆ ನೋವಿದ್ರೆ ಕಾಯಿಲೆ, ನೋವಿಲ್ಲಾಂದ್ರೆ ಏನೂ ಇಲ್ಲ ಅಂತಾನೇ ನಾವೆಲ್ಲ ಅಂದ್ಕೊಂಡು ಬೆಳೆದಿರೋದು. ಸ್ತನ ಕ್ಯಾನ್ಸರ್‌ನಲ್ಲಿ ಈ ಲೆಕ್ಕ ಉಲ್ಟಾ. ಶುರುವಿನಲ್ಲಿ ಬಹುಪಾಲು ಕ್ಯಾನ್ಸರ್ ಗಂಟು ನೋಯೋದೇ ಇಲ್ಲ.

ಹಾಗಂತ ಸ್ತನದಲ್ಲಿ ನೋವು ಬಂದೋರು ಗಾಬರಿ ಆಗ್ಬೇಕಿಲ್ಲ. ಮುಟ್ಟಿನ ಮುಂಚೆ ಎರಡೂ ಕಡೆ ಭಾರ ಅನ್ಸಿ ನೋಯೋದು, ಮುಟ್ಟಾದ್ಮೇಲೆ ಕಮ್ಮಿ ಆಗೋದು ಹಾರ್ಮೋನ್ ಏರಿಳಿತದಿಂದ. ಒಂದೇ ಜಾಗದಲ್ಲಿ ನಿಂತ್ಬಿಟ್ಟಿರೋ ನೋವು ಮಾತ್ರ ತೋರಿಸ್ಬೇಕು. ಇನ್ನು ಗಂಟಿನ ವಿಷಯ, ನಾವು ನೋಡೋ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲವೇ ಅಲ್ಲ. ಇಪ್ಪತ್ತರ ಆಸುಪಾಸಿನ ಹುಡುಗೀರಿಗೆ ಕೈಯಿಂದ ಜಾರಿ ಜಾರಿ ಹೋಗೋ ನುಣುಪಾದ ಗಂಟು ಇದ್ರೆ ಅದು ಸಾಮಾನ್ಯವಾಗಿ ಫೈಬ್ರೋಅಡಿನೋಮ ಅನ್ನೋ ಕ್ಯಾನ್ಸರ್ ಅಲ್ಲದ ಗಡ್ಡೆ, ನಲವತ್ತರ ಹತ್ತಿರ ನೀರುಗುಳ್ಳೆ ಥರದ ಸಿಸ್ಟ್ ಜಾಸ್ತಿ. ಆದ್ರೆ ಯಾವುದು ಯಾವುದು ಅಂತ ಮನೇಲಿ ಕೂತು ತೀರ್ಮಾನ ಮಾಡೋಕಾಗಲ್ಲ, ಪಕ್ಕದ ಮನೆಯವರಿಗೂ ಹಂಗೇ ಇತ್ತಂತೆ ಕರಗಿಹೋಯ್ತಂತೆ ಅಂತ ಸೊಪ್ಪಿನ ಪಟ್ಟು ಹಾಕ್ಕೊಂಡು ಕೂರೋದಂತೂ ಬೇಡವೇ ಬೇಡ.

ನಮ್ಮ ದೇಶದ ಹೆಂಗಸರಲ್ಲಿ ಈಗ ಅತಿ ಹೆಚ್ಚು ಕಾಣೋ ಕ್ಯಾನ್ಸರ್ ಇದೇ, 2022ರ ಅಂದಾಜಿನಲ್ಲಿ ಒಂದೇ ವರ್ಷಕ್ಕೆ ಸುಮಾರು 1.9 ಲಕ್ಷ ಹೊಸ ಕೇಸು. ಪಾಶ್ಚಾತ್ಯ ದೇಶಗಳಿಗಿಂತ ನಮ್ಮಲ್ಲಿ ಸುಮಾರು ಹತ್ತು ವರ್ಷ ಮುಂಚೆನೇ ಬರುತ್ತೆ, ನಲವತ್ತು ಐವತ್ತರವರೇ ತುಂಬಾ. ಹಾಗಾಗಿ ನಂಗಿನ್ನೂ ವಯಸ್ಸಾಗಿಲ್ಲ ಅನ್ನೋದು ನಡೆಯಲ್ಲ, ನಮ್ಮ ಮನೇಲಿ ಯಾರಿಗೂ ಇಲ್ಲ ಅನ್ನೋದೂ ನಡೆಯಲ್ಲ, ಯಾಕಂದ್ರೆ ವಂಶದಲ್ಲಿ ಬರೋ ಜೀನ್‌ನಿಂದ ಆಗೋದು ನೂರಕ್ಕೆ ಐದರಿಂದ ಹತ್ತು ಮಾತ್ರ.

ಮೊನ್ನೆ ಒಬ್ಬರು ಬಂದಿದ್ರು, ಐವತ್ತರ ಹತ್ತಿರ, ಸುಮ್ನೆ ಎದುರು ಕೂತಾಗ ಎರಡೂ ಕಡೆ ಒಂದೇ ಥರ ಕಾಣ್ತಿತ್ತು, ಏನೂ ವ್ಯತ್ಯಾಸ ಇಲ್ಲ. ಎರಡೂ ಕೈ ತಲೆ ಮೇಲೆ ಎತ್ತಿ ಅಂದೆ. ಕೈ ಮೇಲೆ ಹೋದ ಹಾಗೇ ಎಡಗಡೆ, ಕಂಕುಳ ಪಕ್ಕದಲ್ಲಿ, ಒಳಗಿಂದ ಯಾರೋ ದಾರ ಹಿಡಿದು ಎಳೆದಂಗೆ ಚರ್ಮ ಒಳಗೆ ಗುಳಿ ಬಿತ್ತು, ಕೈ ಇಳಿಸಿದ್ರು ಗುಳಿ ಮಾಯ. ಅಮ್ಮಾ ಇದು ಯಾವಾಗಿಂದ ಅಂದ್ರೆ ಅವರಿಗೆ ಗೊತ್ತೇ ಇರ್ಲಿಲ್ಲ. ಕನ್ನಡಿ ಮುಂದೆ ನಿಂತು ಕೈ ಎತ್ತಿ ನೋಡ್ಕೊಳ್ಳಿ ಅಂತ ನಾನು ಎಲ್ರಿಗೂ ಹೇಳೋದು ಇದಕ್ಕೇ, ಕೈಗೆ ಸಿಗೋ ಮುಂಚೆ ಕಣ್ಣಿಗೆ ಕಾಣೋದಿರುತ್ತೆ.

ಕಾಣೋದು ಅಂದ್ರೆ ಇನ್ನೂ ಏನೇನು? ಮೊದಲಿಂದ ಸರಿಯಾಗಿದ್ದ ತೊಟ್ಟು ಇತ್ತೀಚೆಗೆ ಒಳಗೆ ಹೋಗಿದ್ರೆ (ಹುಟ್ಟಿನಿಂದಲೇ ಒಳಗಿದ್ರೆ ಚಿಂತೆ ಇಲ್ಲ), ಒಂದೇ ಕಡೆ ತೊಟ್ಟಿಂದ ಒತ್ತದೇನೇ ರಕ್ತ ಅಥವಾ ತಿಳಿನೀರಿನಂಥದ್ದು ಬಂದು ಬಟ್ಟೆಗೆ ಕಲೆ ಆದ್ರೆ, ಚರ್ಮ ದಪ್ಪ ಆಗಿ ಕಿತ್ತಳೆ ಸಿಪ್ಪೆ ಥರ ಚುಕ್ಕೆ ಚುಕ್ಕೆ ಗುಳಿ ಬಿದ್ರೆ, ಕಂಕುಳಲ್ಲಿ ಗಡ್ಡೆ ಇದ್ರೆ, ಒಂದು ಕಡೆ ಹೊಸದಾಗಿ ದಪ್ಪ ಆದ್ರೆ ತೋರಿಸಿ. ತೊಟ್ಟಿನ ಮೇಲೆ ಕಜ್ಜಿ ಥರ ಆಗಿ ತಿಂಗಳುಗಟ್ಟಲೆ ಮುಲಾಮು ಹಚ್ಚಿದ್ರೂ ವಾಸಿ ಆಗದಿದ್ರೆ ಅದು ಬರೀ ಚರ್ಮದ ಕಾಯಿಲೆ ಅಲ್ದೇ ಇರ್ಬಹುದು, ಪ್ಯಾಜೆಟ್ ಅನ್ನೋ ಒಂದು ಬಗೆಯ ಕ್ಯಾನ್ಸರ್ ಹೀಗೇ ಶುರುವಾಗುತ್ತೆ.

ಬಾಣಂತಿಯರ ವಿಷಯ ಬೇರೆಯಾಗಿ ಹೇಳ್ಬೇಕು. ಹಾಲು ಕಟ್ಕೊಂಡು ಗಂಟಾಗೋದು, ಕೆಂಪಾಗಿ ಜ್ವರ ಬರೋದು ಮಾಮೂಲಿ, ಆಂಟಿಬಯೋಟಿಕ್‌ಗೆ ಕಮ್ಮಿ ಆಗುತ್ತೆ. ಆದ್ರೆ ಎರಡು ವಾರ ಆದ್ರೂ ಕೆಂಪು, ಊತ ಇಳಿದಿಲ್ಲ, ಗಂಟು ಹಂಗೇ ಇದೆ ಅಂದ್ರೆ ಮತ್ತೊಂದು ಕೋರ್ಸ್ ಮಾತ್ರೆ ನುಂಗ್ಕೊಂಡು ಕೂರ್ಬೇಡಿ, ಸ್ಕ್ಯಾನಿಂಗ್ ಮಾಡಿಸಿ. ಹಾಲು ಕುಡಿಸೋರಿಗೆ ಕ್ಯಾನ್ಸರ್ ಬರೋ ಸಾಧ್ಯತೆ ಕಮ್ಮಿ ಅನ್ನೋದು ನಿಜ, ಬರೋದೇ ಇಲ್ಲ ಅನ್ನೋದು ಸುಳ್ಳು. ಗಂಡಸರಿಗೂ ಬರುತ್ತೆ, ಸ್ತನ ಕ್ಯಾನ್ಸರ್ ಕೇಸುಗಳಲ್ಲಿ ನೂರಕ್ಕೆ ಒಂದರಷ್ಟು, ಅವರು ಇನ್ನೂ ಲೇಟಾಗಿ ಬರ್ತಾರೆ.

ಮನೇಲೇ ಪರೀಕ್ಷೆ ಮಾಡ್ಕೊಂಡ್ರೆ ಸಾಕಾ ಅಂತ ಕೇಳ್ತಾರೆ. ಚೀನಾದ ಶಾಂಘೈಯಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಹೆಂಗಸರನ್ನ ಇಟ್ಕೊಂಡು ನೋಡಿದಾಗ, ಸ್ವಪರೀಕ್ಷೆ ಹೇಳಿಕೊಟ್ಟಿದ್ದರಿಂದಲೇ ಸಾವು ಕಮ್ಮಿ ಆಗ್ಲಿಲ್ಲ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು 1998ರಲ್ಲಿ ಶುರು ಮಾಡಿ ಸುಮಾರು ಒಂದೂವರೆ ಲಕ್ಷ ಹೆಂಗಸರನ್ನ 20 ವರ್ಷ ಗಮನಿಸಿದ್ರು, ಅಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಪರೀಕ್ಷೆ ಮಾಡಿದ್ದಕ್ಕೆ ಕಾಯಿಲೆ ಮುಂಚಿನ ಹಂತದಲ್ಲೇ ಸಿಕ್ತು, 50 ದಾಟಿದವರಲ್ಲಿ ಸಾವು ಹತ್ತಿರ ಹತ್ತಿರ ನೂರಕ್ಕೆ 30ರಷ್ಟು ಕಮ್ಮಿ ಆಯ್ತು. ಹಾಗಾಗಿ ನಾನು ಹೇಳೋದು ಎರಡೂ ಬೇಕು ಅಂತ. ಮುಟ್ಟು ನಿಂತ ಮೂರ್ನಾಲ್ಕು ದಿನಕ್ಕೆ, ಮುಟ್ಟು ಪೂರ್ತಿ ನಿಂತೋರು ತಿಂಗಳಲ್ಲಿ ಒಂದು ತಾರೀಖು ಇಟ್ಕೊಂಡು, ಬೆರಳ ತುದಿಯಿಂದ ಚಿವುಟದೆ ಬೆರಳು ಚಪ್ಪಟೆ ಮಾಡಿ ಒತ್ತಿ ನೋಡ್ಕೊಳ್ಳಿ, ನಿಮ್ಮ ದೇಹ ನಿಮಗೆ ಪರಿಚಯ ಇದ್ರೆ ಹೊಸದು ಬಂದಾಗ ಗೊತ್ತಾಗುತ್ತೆ. ಜೊತೆಗೆ 30 ದಾಟಿದ್ಮೇಲೆ ಪಿಎಚ್‌ಸಿಯಲ್ಲಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಬಿಪಿ ಶುಗರ್ ನೋಡುವಾಗ ಸ್ತನ ಪರೀಕ್ಷೆನೂ ಮಾಡಿ ಅಂತ ಕೇಳಿ, ಅದು ಸರ್ಕಾರದ ಕಾರ್ಯಕ್ರಮದಲ್ಲೇ ಇದೆ, ಸಂಕೋಚ ಪಡ್ಬೇಡಿ.

ಗಂಟು ಇದೆ ಅಂತ ಆದ್ರೆ ಮೂರು ಕೆಲಸ, ಡಾಕ್ಟರು ಕೈಯಿಂದ ನೋಡೋದು, ಸ್ಕ್ಯಾನಿಂಗ್ ಅಥವಾ ಮ್ಯಾಮೋಗ್ರಾಂ (ಸ್ತನದ ಎಕ್ಸ್‌ರೇ), ಆಮೇಲೆ ಬೇಕಿದ್ರೆ ಸೂಜಿ ಬಯಾಪ್ಸಿ, ಅಂದ್ರೆ ಸೂಜಿಯಿಂದ ಗಂಟಿನ ಚೂರು ತೆಗೆದು ಲ್ಯಾಬಲ್ಲಿ ನೋಡೋದು. ಸೂಜಿ ಹಾಕಿದ್ರೆ ಕ್ಯಾನ್ಸರ್ ಹರಡುತ್ತೆ ಅಂತ ಎಷ್ಟೋ ಮನೆಗಳಲ್ಲಿ ಹಿರಿಯರೇ ತಡೀತಾರೆ, ಹಾಗಾಗಲ್ಲ, ಬಯಾಪ್ಸಿ ಇಲ್ದೇ ಯಾವ ಟ್ರೀಟ್‌ಮೆಂಟ್ ಕೊಡ್ಬೇಕು ಅಂತಾನೇ ನಮಗೆ ಗೊತ್ತಾಗಲ್ಲ. ನನಗೆ ತುಂಬಾ ಸಂಕಟ ಆಗೋದು ಇನ್ನೊಂದು ಥರದ ಕೇಸಲ್ಲಿ: ಎಲ್ಲೋ ಗಂಟು ಕುಯ್ದು ತೆಗೆಸ್ಕೊಂಡಿರ್ತಾರೆ, ಅದನ್ನ ಲ್ಯಾಬಿಗೆ ಕಳಿಸಿರೋದೇ ಇಲ್ಲ, ಮತ್ತೆ ಅದೇ ಜಾಗದಲ್ಲಿ ಗಂಟು ಎದ್ದಾಗ ನಮ್ಮ ಹತ್ರ ಬರ್ತಾರೆ. ಯಾರೇ ಗಂಟು ತೆಗೆದ್ರೂ ಪೆಥಾಲಜಿ ರಿಪೋರ್ಟ್ ಎಲ್ಲಿ ಅಂತ ಕೇಳಿ ಇಸ್ಕೊಳ್ಳಿ, ಅದು ನಿಮ್ಮ ಹಕ್ಕು.

ಖರ್ಚಿಗೆ ಹೆದರಿ ನಿಲ್ಬೇಡಿ. ಬಿಪಿಎಲ್ ಕಾರ್ಡ್ ಇರೋ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತೆ, ಬೆಂಗಳೂರಿನ ಕಿದ್ವಾಯಿ ಸರ್ಕಾರದ್ದೇ ಕ್ಯಾನ್ಸರ್ ಆಸ್ಪತ್ರೆ. ಹೊರಡುವಾಗ ಹಳೇ ಸ್ಕ್ಯಾನಿಂಗ್ ಫಿಲಂ, ರಿಪೋರ್ಟು, ರೇಷನ್ ಕಾರ್ಡು, ಆಧಾರ್ ಎಲ್ಲಾ ಒಂದೇ ಕವರಲ್ಲಿ ಹಾಕ್ಕೊಳ್ಳಿ, ಅಕ್ಕನೋ ಮಗಳೋ ಯಾರಾದ್ರೂ ಒಬ್ರನ್ನ ಜೊತೆಗೆ ಕರ್ಕೊಂಡು ಬನ್ನಿ, ಡಾಕ್ಟರು ಹೇಳಿದ್ದರಲ್ಲಿ ನಿಮಗೆ ಮರೆತಿದ್ದು ಅವರಿಗೆ ನೆನಪಿರುತ್ತೆ.