ಗುಂಡಿನ ಮಳೆಯಲ್ಲೂ ಪಾಮರ್ ವಿಮಾನ ಹೊರಳಿಸಲಿಲ್ಲ, ಏಕೆ?

ಪ್ರಶ್ನೆ: ಎರಡನೇ ಮಹಾಯುದ್ಧದ ಬಾಂಬರ್ ಪೈಲಟ್‌ಗಳು ಕೆಳಗಿನಿಂದ ಗುಂಡು ಸಿಡಿಯುತ್ತಿದ್ದರೂ ನೆಟ್ಟಗೆ ಹಾರುತ್ತಿದ್ದರಂತೆ. ಅತ್ತಿತ್ತ ಹೊರಳಿ ತಪ್ಪಿಸಿಕೊಳ್ಳಬಹುದಿತ್ತಲ್ಲವೇ?

ಉತ್ತರ: ದಾರಿಯುದ್ದಕ್ಕೂ ಹೊರಳಬಹುದಿತ್ತು, ಹೊರಳುತ್ತಲೂ ಇದ್ದರು. ಬಾಂಬ್ ಬಿಡುವ ಮುಂಚಿನ ಕೆಲವು ನಿಮಿಷ ಮಾತ್ರ ಅದು ಸಾಧ್ಯವಿರಲಿಲ್ಲ. ಕಳಚಿದ ಬಾಂಬು ವಿಮಾನದ ವೇಗದಲ್ಲೇ ಮುಂದಕ್ಕೆ ಸಾಗುತ್ತ ಬೀಳುತ್ತದೆ. ಎತ್ತರದಿಂದ ಹಾಕುವವರು ಗುರಿಗಿಂತ ಮೈಲಿಗೂ ಹೆಚ್ಚು ಹಿಂದೆಯೇ ಬಿಡಬೇಕು. ಆಗ ವಿಮಾನ ಕೊಂಚ ವಾಲಿದರೂ ಬಾಂಬು ಬೇರೆಲ್ಲೋ ಬೀಳುತ್ತದೆ.

ಈ ಪ್ರಶ್ನೆ ಬಂದಾಗಲೆಲ್ಲ ನನಗೆ ಬ್ರಿಟಿಷ್ ವಾಯುಪಡೆಯ ಸ್ಕ್ವಾಡ್ರನ್ ಲೀಡರ್ ರಾಬರ್ಟ್ ಪಾಮರ್ ನೆನಪಾಗುತ್ತಾನೆ. 1944ರ ಡಿಸೆಂಬರ್ 23ರ ಹಗಲು. ಆರ್ಡೆನ್ಸ್ ಕಾಡಿನಲ್ಲಿ ಜರ್ಮನ್ ಸೇನೆ ದೊಡ್ಡ ದಾಳಿ ನಡೆಸುತ್ತಿದ್ದ ದಿನಗಳು. ಅದಕ್ಕೆ ಸರಬರಾಜು ತಡೆಯಲು ಜರ್ಮನಿಯ ಕಲೋನ್ ನಗರದ ಗ್ರೆಂಬರ್ಗ್ ರೈಲ್ವೆ ಯಾರ್ಡ್ ಮೇಲೆ 27 ಲ್ಯಾಂಕಾಸ್ಟರ್‌, 3 ಮಸ್ಕಿಟೋ ವಿಮಾನಗಳು ಹೊರಟವು. ಮೋಡ ಕವಿದಿರುತ್ತದೆ ಎಂಬ ಲೆಕ್ಕದಲ್ಲಿ ಗುರಿ ಕಾಣದಿದ್ದರೂ ರೇಡಿಯೋ ಸಂಕೇತದಿಂದ ದಾರಿ ತೋರುವ ‘ಓಬೋ’ ವ್ಯವಸ್ಥೆಯನ್ನು ನಂಬಿದ್ದರು. ನೆಲದ ಮೇಲಿನ ಒಂದು ರೇಡಿಯೋ ಕೇಂದ್ರ ವಿಮಾನವನ್ನು ನಿಗದಿತ ದಾರಿಯಲ್ಲಿ ನಡೆಸುತ್ತದೆ, ಇನ್ನೊಂದು ಬಾಂಬ್ ಬಿಡುವ ಕ್ಷಣ ಹೇಳುತ್ತದೆ. ದಾರಿ ತಪ್ಪಿದರೆ ಪೈಲಟ್‌ನ ಕಿವಿಯಲ್ಲಿ ಕೇಳುವ ಸದ್ದೇ ಬದಲಾಗುತ್ತದೆ. ಮುಂದಾಳು ವಿಮಾನ ಬಾಂಬ್ ಬಿಟ್ಟಾಗ ಹಿಂದಿನವರೂ ಬಿಡಬೇಕು. ಅಂದರೆ ಅವನು ಹೊರಳಿದರೆ ಇಡೀ ಗುಂಪಿನ ಗುರಿಯೇ ತಪ್ಪುತ್ತದೆ. ಅಂದು ಒಂದು ಗುಂಪಿನ ಮುಂದಾಳು ಪಾಮರ್.

ಹೋಗಿ ನೋಡಿದರೆ ಮೋಡವೇ ಇಲ್ಲ! ಗುಂಪು ಒಡೆದು, ಕಣ್ಣಳತೆಯಲ್ಲೇ ಬಾಂಬ್ ಹಾಕಿ ಎಂಬ ಆದೇಶ ಹೊರಟಿತು. ಪಾಮರ್ ಮಾತ್ರ ಓಬೋ ದಾರಿಯಲ್ಲೇ ನೆಟ್ಟಗೆ ಮುಂದುವರಿದ. ನನಗೆ ಅತ್ಯಂತ ಸಂಕಟ ಕೊಡುವುದು ಇದೇ. ಗುಂಡು ತಗುಲಿ ಅವನ ವಿಮಾನದ ಎರಡು ಎಂಜಿನ್‌ಗಳಿಗೆ ಬೆಂಕಿ ಹತ್ತಿತು, ಬಾಂಬುಗಳಿದ್ದ ಕೋಣೆಯಲ್ಲಿ ಹೊಗೆ ತುಂಬಿತು. ಎಂಜಿನ್‌ಗಳ ಶಕ್ತಿ ಏರುಪೇರಾದಾಗ ವಿಮಾನ ಒಂದು ಕಡೆಗೆ ಎಳೆಯುತ್ತದೆ. ಅದನ್ನು ಮೈಯೆಲ್ಲ ಶಕ್ತಿ ಹಾಕಿ ನೆಟ್ಟಗೆ ಹಿಡಿದೇ ಬಾಂಬ್ ಬಿಡಿಸಿದ. ಅವು ಗುರಿಗೇ ಬಿದ್ದವು. ವಿಮಾನ ಉರಿಯುತ್ತ, ಸುತ್ತುತ್ತ ಕೆಳಗಿಳಿಯಿತು.

ಅದು ಅವನ 110ನೇ ಯುದ್ಧ ಹಾರಾಟವೆಂದು ದಾಖಲಾಗಿದೆ. ವಯಸ್ಸು 24. 1945ರ ಮಾರ್ಚ್‌ನಲ್ಲಿ ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಮರಣೋತ್ತರವಾಗಿ ಘೋಷಣೆಯಾಯಿತು. ಆ ವಿಮಾನದಲ್ಲಿದ್ದವರಲ್ಲಿ ಬದುಕಿ ಉಳಿದವನು ಬಾಲದ ಗನ್ನರ್ ಒಬ್ಬನೇ. ಪದಕ ಸಿಕ್ಕಿದ್ದು ಪೈಲಟ್‌ಗೆ, ಆದರೆ ಉಳಿದವರೂ ಅದೇ ಹೊಗೆಯಲ್ಲಿ ತಮ್ಮ ತಮ್ಮ ಜಾಗದಲ್ಲಿದ್ದವರು. ಜರ್ಮನಿಯ ರೈನ್‌ಬರ್ಗ್ ಯುದ್ಧ ಸ್ಮಶಾನದಲ್ಲಿ ಪಾಮರ್ ಸಮಾಧಿಯಿದೆ. ಆ ಕಡೆ ಹೋಗುವವರು ನೋಡಬಹುದು.