ಹೋಲ್ಗಾ ಕ್ಯಾಮೆರಾ, ಅಕ್ಕಿರೊಟ್ಟಿ ಮತ್ತು ಸ್ಟಾಪ್ ಲೆಕ್ಕ

ಮೂರನೇ ರೋಲು ತೊಳೆದು ಒಣಗಿಸಿ ಎರಡು ದಿನವಾಯಿತು. ಮೊದಲ ಎರಡರಲ್ಲಿ ನಾನು ಎಲ್ಲಿ ಎಡವಿದ್ದೆ ಅನ್ನುವುದು ಈಗ ತಿಳಿದಿದೆ. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ. ಹಾಸನ, ಚಿಕ್ಕಮಗಳೂರು ಕಡೆ ಯಾರಾದರೂ ಈಗಷ್ಟೇ ರೀಲು ಕ್ಯಾಮೆರಾ ಹಿಡಿದಿದ್ದರೆ ಒಂದೆರಡು ರೋಲಿನ ದುಡ್ಡು ಉಳಿಯಬಹುದು.

ನನ್ನ ಹತ್ತಿರ ಇರುವುದು ಎರಡು ಕ್ಯಾಮೆರಾ. ಒಂದು ತಾತನ ಆಗ್ಫಾ ಕ್ಲಿಕ್ 3, ಬರೋಡಾದ ನ್ಯೂ ಇಂಡಿಯಾ ಇಂಡಸ್ಟ್ರೀಸ್‌ನಲ್ಲಿ ತಯಾರಾದದ್ದು. ನಮ್ಮ ಮನೆಯ ಹಳೇ ಆಲ್ಬಮ್ಮಿನ ಚೌಕ ಫೋಟೊಗಳೆಲ್ಲ ಅದರವೇ. ಇನ್ನೊಂದು ಸೆಕೆಂಡ್ ಹ್ಯಾಂಡ್ ಹೋಲ್ಗಾ 120 ಎನ್. ಹೋಲ್ಗಾ 1982ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಶುರುವಾದ ಕ್ಯಾಮೆರಾ. ಮೈಯೂ ಪ್ಲಾಸ್ಟಿಕ್, ಲೆನ್ಸೂ ಪ್ಲಾಸ್ಟಿಕ್. ಫೋಟೊದ ನಡುಭಾಗ ಚೆನ್ನಾಗಿ ಬರುತ್ತದೆ, ಮೂಲೆಗಳು ಮಸುಕಾಗಿ ಕಪ್ಪಾಗುತ್ತವೆ. ನನಗೆ ಇದರ ಮೇಲೆ ಪ್ರೀತಿ ಹುಟ್ಟಿದ್ದೇ ಆ ಮೂಲೆಗಳಿಂದ.

ಎರಡಕ್ಕೂ ಹಾಕುವುದು 120 ರೋಲು, ಹಿಂದೆ ಕಾಗದ ಸುತ್ತಿರುವುದು. ನೆರಳಲ್ಲಿ ನಿಂತು ಹಾಕಿ, ಹಿಂಬದಿಯ ಕೆಂಪು ಕಿಟಕಿಯಲ್ಲಿ ಅಂಕಿ ಕಾಣುವವರೆಗೆ ತಿರುಗಿಸಿ. ಹೋಲ್ಗಾದ ಕಿಟಕಿಗೆ 12 ಮತ್ತು 16 ಎಂದು ಎರಡು ಜಾಗ ಇದೆ. ಚೌಕ ಫೋಟೊಗೆ 12ರಲ್ಲೇ ಇಡಬೇಕು. 16ಕ್ಕೆ ಸರಿದುಬಿಟ್ಟರೆ ಒಂದರ ಮೇಲೊಂದು ಫೋಟೊ ಏರುತ್ತದೆ. ಹಿಂಬದಿ ಮುಚ್ಚಳ ಕಳಚಿ ಬೀಳುವ ಜಾತಿಯದು, ಅದಕ್ಕೆ ಕರಿ ಇನ್ಸುಲೇಷನ್ ಟೇಪು ಸುತ್ತಿ. ದೂರಕ್ಕೆ ಲೆನ್ಸಿನ ಮೇಲೆ ಒಬ್ಬ ಮನುಷ್ಯ, ಮೂವರು, ಗುಂಪು, ಬೆಟ್ಟ ಅಂತ ಚಿತ್ರಗಳಿವೆ. ಅಷ್ಟೆ, ಇದರಲ್ಲಿ ಕಷ್ಟ ಏನಿಲ್ಲ.

ಕಷ್ಟ ಇರುವುದು ಬೆಳಕಿನಲ್ಲಿ.

ಬಿಳಿ ಬಿದ್ದ ರೀಲು

ಮೊದಲ ರೋಲು ಐಎಸ್‌ಒ 100ರ ಕಪ್ಪು-ಬಿಳುಪು. ಐಎಸ್‌ಒ ಅಂದರೆ ರೋಲು ಬೆಳಕಿಗೆ ಎಷ್ಟು ಚುರುಕು ಅನ್ನುವ ಅಂಕಿ. ಅರ್ಧ ಶೆಟ್ಟಿಹಳ್ಳಿ ಚರ್ಚಿನಲ್ಲಿ ತೆಗೆದೆ. ಗೊರೂರು ಅಣೆಕಟ್ಟಿನ ಹಿನ್ನೀರು ಇಳಿದಿತ್ತು, ಚರ್ಚಿಗೆ ಚಾವಣಿ ಇಲ್ಲದ್ದರಿಂದ ಒಳಗೂ ಬಿಸಿಲೇ. ಉಳಿದರ್ಧ ಮೂಡಿಗೆರೆ ಹತ್ತಿರ ಚಿಕ್ಕಮ್ಮನ ಕಾಫಿ ತೋಟದಲ್ಲಿ, ಸಿಲ್ವರ್ ಓಕ್ ನೆರಳಲ್ಲಿ. ಹಾಸನದಲ್ಲಿ ಹಿಂದೆ ಸ್ಟುಡಿಯೋ ನಡೆಸುತ್ತಿದ್ದ ಹಿರಿಯರೊಬ್ಬರು ಈಗಲೂ ಮನೆಯಲ್ಲೇ ಕಪ್ಪು-ಬಿಳುಪು ರೀಲು ತೊಳೆಯುತ್ತಾರೆ, ನನಗೂ ಅವರೇ ಕಲಿಸಿದ್ದು. ಒದ್ದೆ ರೀಲನ್ನು ಕಿಟಕಿಗೆ ಹಿಡಿದು ತೋರಿಸಿದರು: "ನೋಡು ಮಗ, ಚರ್ಚು ಬಂದೈತೆ. ತೋಟ ಪೂರ್ತಿ ಬಿಳಿ ಬಿದ್ದೈತೆ."

ಬಿಳಿ ಬೀಳುವುದು ಅಂದರೆ ನೆಗೆಟಿವ್‌ನಲ್ಲಿ ಏನೂ ಇಲ್ಲದೆ ಪಾರದರ್ಶಕವಾಗಿ ಉಳಿಯುವುದು. ಬೆಳಕು ಬಿದ್ದ ಕಡೆ ರೀಲಿನ ಲೇಪದಲ್ಲಿರುವ ಬೆಳ್ಳಿ ಕಪ್ಪಾಗಿ ಉಳಿಯುತ್ತದೆ. ಬೆಳಕು ಸಾಲದ ಕಡೆ, ರೀಲು ತೊಳೆಯುವಾಗ ಹಾಕುವ ಹೈಪೋ ಎಂಬ ರಾಸಾಯನಿಕ ಎಲ್ಲವನ್ನೂ ತೊಳೆದುಕೊಂಡು ಹೋಗುತ್ತದೆ. ಆಮೇಲೆ ಏನು ಮಾಡಿದರೂ ಅದು ವಾಪಸು ಬರದು. ಬೆಳಕು ಹೆಚ್ಚಾದರೆ ನೆಗೆಟಿವ್ ತಡೆದುಕೊಳ್ಳುತ್ತದೆ, ಕಡಿಮೆಯಾದರೆ ತಡೆಯುವುದಿಲ್ಲ. ಇದನ್ನು ಗಟ್ಟಿಯಾಗಿ ನೆನಪಿಡಿ, ಮುಂದಿನದೆಲ್ಲ ಇದರ ಮೇಲೆ ನಿಂತಿದೆ.

ನಾನು ಎಡವಿದ ಜಾಗ: 8ರಿಂದ 16 ಎಷ್ಟು ದೂರ?

ಹಳಬರ ಬಿಸಿಲು ಲೆಕ್ಕಕ್ಕೆ "ಸನ್ನಿ 16" ಎಂದು ಹೆಸರು. ಒಳ್ಳೆ ಬಿಸಿಲಿದ್ದರೆ ಲೆನ್ಸಿನ ತೂತನ್ನು ಎಫ್ 16ಕ್ಕೆ ಇಟ್ಟು, ಶಟರು ತೆರೆದಿರುವ ಹೊತ್ತನ್ನು ರೋಲಿನ ಐಎಸ್‌ಒ ಅಂಕಿಗೆ ಸರಿಯಾಗಿ ಇಡುವುದು. ಐಎಸ್‌ಒ 100 ಆದರೆ 1/100 ಸೆಕೆಂಡು. ತೆಳು ಮೋಡಕ್ಕೆ ಎಫ್ 11, ಮೋಡಕ್ಕೆ 8, ದಟ್ಟ ಮೋಡಕ್ಕೆ 5.6, ಆಕಾಶ ಕಾಣುವ ನೆರಳಿಗೆ 4. ಇದು ಬಾಯಿಪಾಠ.

ಆದರೆ ಹೋಲ್ಗಾದಲ್ಲಿ ಇಡುವುದಕ್ಕೆ ಏನಿದೆ? ಶಟರು ಒಂದೇ, ಸುಮಾರು 1/100. ತೂತು ಹೆಸರಿಗೆ ಎಫ್ 8. ನನ್ನ ತಲೆಯಲ್ಲಿ ಓಡಿದ್ದು ಹೀಗೆ: ನೆರಳಿಗೆ ಬೇಕಾದ್ದು 4, ಇರುವುದು 8. ಎಂಟರ ಅರ್ಧ ನಾಲ್ಕು, ಹಾಗಾದರೆ ಬೆಳಕು ಅರ್ಧ ಮಾತ್ರ ಕಡಿಮೆ.

ಇದು ತಪ್ಪು. ಕಡಿಮೆ ಬಿದ್ದದ್ದು ಅರ್ಧ ಅಲ್ಲ, ಮುಕ್ಕಾಲು.

ಮೊದಲು ಎಫ್ ಅಂಕಿ ಅಂದರೆ ಏನು ನೋಡೋಣ. ಹತ್ತನೇ ಕ್ಲಾಸಿನಲ್ಲಿ ಓದಿದ ಮಸೂರದ ಸಂಗಮ ದೂರವನ್ನು ಆ ಅಂಕಿಯಿಂದ ಭಾಗಿಸಿದರೆ ಬರುವುದು ತೂತಿನ ಅಗಲ. ಹೋಲ್ಗಾದ ಸಂಗಮ ದೂರ 60 ಮಿಲಿಮೀಟರ್. ಎಫ್ 4 ಆದರೆ 15 ಮಿ.ಮೀ. ಅಗಲದ ತೂತು, ಎಫ್ 8 ಆದರೆ 7.5. ಅಂಕಿ ದೊಡ್ಡದಾದರೆ ತೂತು ಚಿಕ್ಕದು, ಅದು ಭಾಗಾಕಾರ ಆದ್ದರಿಂದ. ಇಲ್ಲಿಯವರೆಗೆ ನನಗೂ ಗೊತ್ತಿತ್ತು.

ಗೊತ್ತಾಗದಿದ್ದದ್ದು ಅಕ್ಕಿರೊಟ್ಟಿ ತಟ್ಟುವಾಗ ಹೊಳೆಯಿತು. ಅವತ್ತು ಅಮ್ಮನ ದೊಡ್ಡ ಕಾವಲಿ ಬಿಟ್ಟು ಚಿಕ್ಕ ಬಾಣಲೆಯಲ್ಲಿ ರೊಟ್ಟಿ ಹಾಕುತ್ತಿದ್ದೆವು. ಅಗಲ ಕಾವಲಿಯ ಅರ್ಧ ಇರಬಹುದು. ನಾನು ಒಂದು ಉಂಡೆಯನ್ನು ಎರಡು ಮಾಡಿ ತಟ್ಟಲು ಕೂತೆ, ರೊಟ್ಟಿ ದಪ್ಪಗೆ ಕೂತುಬಿಟ್ಟಿತು. "ಎರಡಲ್ಲ, ನಾಲ್ಕು ಮಾಡು. ತೆಳ್ಳಗೆ ಬರ್ಬೇಕಲ್ವಾ" ಅಂದರು ಅಮ್ಮ. ಅಡ್ಡಕ್ಕೂ ಅರ್ಧ, ಉದ್ದಕ್ಕೂ ಅರ್ಧ. ಅಗಲ ಅರ್ಧವಾದರೆ ಹಿಟ್ಟು ಕಾಲು ಭಾಗ ಸಾಕು.

ಬೆಳಕು ತೂತಿನ ಅಗಲದಿಂದ ಬರುವುದಿಲ್ಲ, ಇಡೀ ಬಾಯಿಯಿಂದ ಬರುತ್ತದೆ. ಲೆಕ್ಕ ಹಿಡಿಯಬೇಕಾದ್ದು ವಿಸ್ತೀರ್ಣ. 60 ಮಿ.ಮೀ. ಲೆನ್ಸಿಗೆ ನಾನೇ ಲೆಕ್ಕ ಹಾಕಿ ಗೋಡೆಗೆ ಅಂಟಿಸಿಕೊಂಡದ್ದು ಇದು, ಚದರ ಮಿಲಿಮೀಟರುಗಳಲ್ಲಿ:

ಎಫ್ 4: 177
ಎಫ್ 5.6: 90
ಎಫ್ 8: 44
ಎಫ್ 11: 23
ಎಫ್ 16: 11

ಸಾಲಿನಿಂದ ಸಾಲಿಗೆ ಅರ್ಧವಾಗುತ್ತಾ ಬಂದಿದೆ. ಈ ಒಂದೊಂದು ಅರ್ಧಕ್ಕೂ ಒಂದು ಸ್ಟಾಪ್ ಅನ್ನುತ್ತಾರೆ. 4ರಿಂದ 8ಕ್ಕೆ ಬರಲು ನಡುವೆ 5.6 ಇದೆ, ಹಾಗಾಗಿ ಎರಡು ಸ್ಟಾಪ್. 8ರಿಂದ 16ಕ್ಕೂ ಎರಡೇ, ನಡುವೆ 11 ಇದೆ.

ಗೊಂದಲ ಇನ್ನೂ ಗಟ್ಟಿಯಾಗಲು ಕಾರಣ ಶಟರು ಮತ್ತು ಐಎಸ್‌ಒ. ಅವುಗಳಲ್ಲಿ ಅಂಕಿ ಎರಡರಷ್ಟಾದರೆ ಒಂದೇ ಸ್ಟಾಪ್. 1/50ರಿಂದ 1/100 ಒಂದು ಸ್ಟಾಪ್, ಐಎಸ್‌ಒ 100ರಿಂದ 200 ಒಂದು ಸ್ಟಾಪ್. ಎಫ್ ಅಂಕಿಯಲ್ಲಿ ಮಾತ್ರ ಎರಡರಷ್ಟು ಅಂದರೆ ಎರಡು ಸ್ಟಾಪ್, ಅದೊಂದು ಅಗಲದ ಅಳತೆ ಆದ್ದರಿಂದ. ನಾನು ಮೂರಕ್ಕೂ ಒಂದೇ ನಿಯಮ ಅಂದುಕೊಂಡಿದ್ದೆ.

ಸಾಲು ನೆನಪಿಡುವುದಕ್ಕೆ 1 ಮತ್ತು 1.4 ಎರಡೇ ಸಾಕು. ಕುಂಟೆಬಿಲ್ಲೆಯಲ್ಲಿ ಒಂದು ಮನೆ ಬಿಟ್ಟು ಹಾರಿದ ಹಾಗೆ ಒಂದೊಂದನ್ನೂ ಎರಡರಷ್ಟು ಮಾಡುತ್ತಾ ಹೋಗಿ: 1, 2, 4, 8, 16. ಇನ್ನೊಂದು ಕಾಲಿಗೆ 1.4, 2.8, 5.6, 11, 22. ಎರಡನ್ನೂ ಹೆಣೆದರೆ ಪೂರ್ತಿ ಸಾಲು ಬಂತು.

ಒಂದೇ ಫೋಟೊಗೆ ಎಂಟು ಸಲ ಒತ್ತುವುದು

ಹೋಲ್ಗಾದಲ್ಲಿ ರೋಲು ತಿರುಗಿಸುವುದಕ್ಕೂ ಶಟರಿಗೂ ಸಂಬಂಧ ಇಲ್ಲ. ತಿರುಗಿಸದೇ ಎಷ್ಟು ಸಲ ಬೇಕಾದರೂ ಒತ್ತಬಹುದು. ಮರೆತು ಒತ್ತಿದರೆ ಎರಡು ಫೋಟೊ ಒಂದರೊಳಗೊಂದು ಸೇರುತ್ತವೆ. ಬೇಕೆಂದೇ ಒತ್ತಿದರೆ ಅದೇ ಬೆಳಕು ಕೂಡಿಸುವ ದಾರಿ: ಎರಡು ಸಲ ಒತ್ತಿದರೆ ಒಂದು ಸ್ಟಾಪ್ ಹೆಚ್ಚು, ನಾಲ್ಕಕ್ಕೆ ಎರಡು, ಎಂಟಕ್ಕೆ ಮೂರು. ನನಗೆ ಈ ಕ್ಯಾಮೆರಾದಲ್ಲಿ ಎಲ್ಲಕ್ಕಿಂತ ಇಷ್ಟವಾದ ಉಪಾಯ ಇದು.

ಎರಡನೇ ರೋಲಿನಲ್ಲಿ ಹಳೇಬೀಡಿಗೆ ಹೋಗಿದ್ದೆ. ಹೊಯ್ಸಳೇಶ್ವರ ಗುಡಿಯ ಹೊರಗೋಡೆಯ ಆನೆಸಾಲು ಬಿಸಿಲಲ್ಲಿ ಒಂದೇ ಒತ್ತಿಗೆ ಚೆನ್ನಾಗಿ ಬಂತು. ನಂದಿ ಮಂಟಪದ ನೆರಳಿಗೆ 8ರ ಅರ್ಧ 4 ಎಂಬ ತಪ್ಪು ಲೆಕ್ಕದಲ್ಲಿ ಎರಡೇ ಸಲ ಒತ್ತಿದೆ. ನೆಗೆಟಿವ್‌ನಲ್ಲಿ ನಂದಿಯ ಬೆನ್ನಿನ ಗೆರೆ ಬಿಟ್ಟರೆ ಏನೂ ಇರಲಿಲ್ಲ.

ಸರಿಯಾದ ಲೆಕ್ಕದಲ್ಲಿ ನಾಲ್ಕು ಒತ್ತು. ಆದರೆ ಇನ್ನೊಂದು ವಿಷಯ ಇದೆ. ಹಳೆಯ ಹೋಲ್ಗಾಗಳಲ್ಲಿ ತೂತು ಬದಲಿಸಲೆಂದು ಇರುವ ಸೂರ್ಯ-ಮೋಡದ ಗುಂಡಿ ಯಾವ ಕಡೆ ಸರಿಸಿದರೂ ತೂತು ಬದಲಾಗುವುದೇ ಇಲ್ಲ, ಎರಡೂ ಕಡೆ ಸುಮಾರು ಎಫ್ 13. 8ಕ್ಕೂ 13ಕ್ಕೂ ಹತ್ತಿರಹತ್ತಿರ ಒಂದೂವರೆ ಸ್ಟಾಪ್. ನನ್ನದೂ ಅಂಥದ್ದೇ. ಹಾಗಾಗಿ ಮೂರನೇ ರೋಲಿನಲ್ಲಿ ನಾಲ್ಕರ ಬದಲು ಎಂಟು ಸಲ ಒತ್ತಿದೆ; ಪೂರ್ತಿ ಲೆಕ್ಕಕ್ಕೆ ಸುಮಾರು ಹನ್ನೊಂದಾಗುತ್ತದೆ, ಅರ್ಧ ಸ್ಟಾಪ್ ಬಿಟ್ಟೆ. ಎರಡು ಸೇರು ರಾಗಿ ತುಂಬಿದ ಚೀಲ ಒಯ್ದು, ಅದರ ಮೇಲೆ ಕ್ಯಾಮೆರಾ ಕೂರಿಸಿ, ಎಡಗೈಯಲ್ಲಿ ಅದುಮಿ ಹಿಡಿದು ಒಂದೊಂದೇ ಒತ್ತು. ನಡುವೆ ಮೂರನೆಯದೋ ನಾಲ್ಕನೆಯದೋ ಒತ್ತುವಾಗ ಒಬ್ಬ ಹುಡುಗ ಮುಂದಿನಿಂದ ಓಡಿಹೋದ. ಫೋಟೊದಲ್ಲಿ ಅವನಿಲ್ಲ! ಎಂಟರಲ್ಲಿ ಒಂದು ಪಾಲು ಬೆಳಕಿಗೆ ಅವನು ಉಳಿಯಲಿಲ್ಲ, ಉಳಿದ ಏಳು ಪಾಲು ನಂದಿಯದು. ಕೊರಳ ಗೆಜ್ಜೆಸರದ ಒಂದೊಂದು ಗೆಜ್ಜೆಯೂ ಎಣಿಸುವಷ್ಟು ಬಂದಿದೆ. ಒಣಗಲು ನೇತುಹಾಕಿದ ರೀಲಿನಲ್ಲಿ ಅದನ್ನು ನೋಡುತ್ತಾ ನಾನು ತುಂಬ ಹೊತ್ತು ಅಲ್ಲೇ ನಿಂತಿದ್ದೆ.

ಎಲೆ ಅಲ್ಲಾಡುವ ಕಡೆ, ಮನುಷ್ಯರಿಗೆ ಇದು ಬೇಡ.

ಹಾಗಾದರೆ ತೋಟಕ್ಕೆ ಯಾವ ರೋಲು

ಕಾಫಿ ಗಿಡದ ಮಟ್ಟಕ್ಕೆ ಬಂದರೆ ಬೆಳಕು ಎಫ್ 2.8ರ ಆಸುಪಾಸು ಅಂದುಕೊಳ್ಳಿ. 2.8ರಿಂದ 8ಕ್ಕೆ ಮೂರು ಸ್ಟಾಪ್, ಮೇಲಿನ ಒಂದೂವರೆ ಸೇರಿ ನಾಲ್ಕೂವರೆ. ನನ್ನ ಮೊದಲ ರೋಲಿಗೆ ಬೇಕಿದ್ದ ಬೆಳಕಿನ ಹದಿನಾರನೇ ಒಂದು ಪಾಲೂ ಸಿಕ್ಕಿರಲಿಲ್ಲ.

ಐಎಸ್‌ಒ 400 ಹಾಕಿದರೆ ಎರಡು ಸ್ಟಾಪ್ ಅಲ್ಲೇ ಸಿಗುತ್ತದೆ. ಬಿಸಿಲಿಗೆ ಬಂದರೆ ಎರಡೂವರೆ ಸ್ಟಾಪ್ ಹೆಚ್ಚಾಗುತ್ತದೆ, ಅದನ್ನು ನೆಗೆಟಿವ್ ತಾಳಿಕೊಳ್ಳುತ್ತದೆ. ಮುಳ್ಳಯ್ಯನಗಿರಿಯ ಮಂಜಿಗೂ ಜುಲೈ ತಿಂಗಳ ಮೋಡಕ್ಕೂ 400 ಸರಿಹೋಗುತ್ತದೆ. ನನ್ನ ಮಟ್ಟಿಗೆ ಮಲೆನಾಡಿಗೆ 400, ಹಾಸನದಿಂದ ಮೂಡಲಿಗೆ ಬಯಲು ಸೀಮೆಗೆ 100. ತೋಟದ ಒಳಗೆ 400 ಹಾಕಿದರೂ ಮರ ಕಡಿಮೆ ಇರುವ ಜಾಗ, ಕಣ, ತೋಟದ ರಸ್ತೆ ಹುಡುಕಿಕೊಳ್ಳಿ.

ತೊಳೆಯುವುದು, ಇಡುವುದು

ಎಷ್ಟು ಹೊತ್ತು ತೊಳೆಯಬೇಕು ಅನ್ನುವುದು ಡೆವಲಪರ್ (ಚಿತ್ರ ಮೂಡಿಸುವ ರಾಸಾಯನಿಕ) ಪೊಟ್ಟಣದ ಮೇಲೇ ಬರೆದಿರುತ್ತದೆ, ಅದನ್ನು ಬದಲಿಸಬೇಡಿ. ಡೆವಲಪರ್ 20 ಡಿಗ್ರಿಯಲ್ಲಿರುವುದು ಮುಖ್ಯ. ಹಾಸನದಲ್ಲಿ ಬೇಸಿಗೆಯಲ್ಲಿ ನಲ್ಲಿ ನೀರು ಅದಕ್ಕಿಂತ ಬಿಸಿ ಇರುತ್ತದೆ, ಬಕೆಟ್ಟಿಗೆ ಐಸು ಹಾಕಿ ರೀಲು ತೊಳೆಯುವ ಟ್ಯಾಂಕನ್ನು ಅದರಲ್ಲಿ ನಿಲ್ಲಿಸಿ. ಕೊನೆಯ ತೊಳೆತಕ್ಕೆ ಬೋರ್ ನೀರು ಬೇಡ, ಒಣಗಿದ ಮೇಲೆ ಬಿಳಿ ಕಲೆ ನಿಲ್ಲುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಸಾಕು.

ಮಳೆಗಾಲದಲ್ಲಿ ಕ್ಯಾಮೆರಾವನ್ನು ಚರ್ಮದ ಚೀಲದಲ್ಲಿ ಇಡಬೇಡಿ, ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ. ತಾತನ ಕ್ಲಿಕ್ಕಿಗೆ ಹಿಡಿದದ್ದು ಹಾಗೇ. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ. ಹೊಸ ರೋಲು ಫ್ರಿಜ್ಜಿನಲ್ಲಿದ್ದರೆ ಹಿಂದಿನ ರಾತ್ರಿಯೇ ಹೊರಗೆ ತೆಗೆದಿಡಿ, ತಣ್ಣಗಿರುವಾಗಲೇ ಪೊಟ್ಟಣ ಬಿಚ್ಚಿದರೆ ಕಾಗದಕ್ಕೆ ತೇವ ಹಿಡಿಯುತ್ತದೆ.