ತಹಿತಿ ಕಡೆ ಹೋದ್ರೆ ಹಡಗಲ್ಲಿ ಎಷ್ಟು ದಿನ ಇರ್ಬೇಕು?

ಕಳೆದ ತಿಂಗಳು ವಿರಾಜಪೇಟೆ ಕಡೆಯ ಒಬ್ರು ಪ್ಲಾಂಟರು ಹೆಂಡ್ತಿ ಜೊತೆ ಮಡಿಕೇರಿಯ ನಮ್ಮ ಟ್ರಾವೆಲ್ ಆಫೀಸಿಗೆ ಬಂದಿದ್ರು. ಮದುವೆ ಆಗಿ 30 ವರ್ಷ ತುಂಬ್ತಾ ಇದೆ, ಪೆಸಿಫಿಕ್ ಸಮುದ್ರದ ತಹಿತಿ ಕಡೆ ಇರೋ ಬೋರಾ ಬೋರಾ ದ್ವೀಪ ನೋಡ್ಬೇಕು ಅನ್ನೋದು ಅವರ ಮನೆಯವರ ತುಂಬಾ ಹಳೇ ಆಸೆ. ಕೂತ ಕೂಡ್ಲೇ ಅವರು ಹೇಳಿದ್ದು, "ಹೇಗೂ ಅಷ್ಟು ದೂರ ಹೋಗ್ತೀವಿ, 14 ರಾತ್ರಿ ಕ್ರೂಸೇ ಹಾಕ್ಬಿಡಿ, 7 ರಾತ್ರಿ ಎಲ್ಲಿ ಸಾಕಾಗತ್ತೆ?" ಈ ಕೆಲಸಕ್ಕೆ ಇಳಿದು 20 ವರ್ಷ ಆಯ್ತು, ದೂರದ ದ್ವೀಪಕ್ಕೆ ಹೋಗೋರೆಲ್ಲ ಹೆಚ್ಚುಕಮ್ಮಿ ಇದೇ ಮಾತಲ್ಲಿ ಶುರು ಮಾಡ್ತಾರೆ. ದೂರ ಜಾಸ್ತಿ ಅಂದ್ರೆ ಹಡಗಿನ ದಿನಾನೂ ಜಾಸ್ತಿ ಇರ್ಬೇಕು ಅಂತ ಎಲ್ಲರ ಲೆಕ್ಕ. ನನ್ನ ಲೆಕ್ಕ ಬೇರೆ. ರಾತ್ರಿ ಎಷ್ಟು ಅಂತ ನಾನು ಮೊದ್ಲು ನೋಡಲ್ಲ, ಬೆಳಿಗ್ಗೆ ಎದ್ದು ಕಿಟಕಿ ಪರದೆ ಸರಿಸಿದಾಗ ಎಷ್ಟು ದಿನ ಎದುರಿಗೆ ದ್ವೀಪ ಇರತ್ತೆ, ಎಷ್ಟು ದಿನ ಬರೀ ನೀರು ಇರತ್ತೆ ಅಂತ ನೋಡ್ತೀನಿ.

ಮೊದ್ಲು ದೂರ ಎಷ್ಟು ಅಂತ ಸರಿಯಾಗಿ ತಿಳ್ಕೊಳ್ಳಿ. ನಮ್ಮ ಜಿಲ್ಲೆಗೆ ರೈಲೂ ಇಲ್ಲ ವಿಮಾನವೂ ಇಲ್ಲ. ಸೋಮವಾರ ಮಧ್ಯಾಹ್ನ ಮಡಿಕೇರಿ ಬಿಟ್ರೆ ಕುಶಾಲನಗರ, ಹುಣಸೂರು, ಮೈಸೂರು ದಾಟಿ ಕೆಂಪೇಗೌಡ ಏರ್‌ಪೋರ್ಟ್ ಸೇರೋಕೇ ಸಂಜೆ ಆಗತ್ತೆ, ರಾತ್ರಿ ಫ್ಲೈಟಲ್ಲಿ ಸಿಂಗಾಪುರ, ಅಲ್ಲಿಂದ ಸುಮಾರು 10 ಗಂಟೆ ಹಾರಿದ್ರೆ ನ್ಯೂಜಿಲೆಂಡಿನ ಆಕ್ಲೆಂಡ್, ಅಲ್ಲೊಂದು ರಾತ್ರಿ ಮಲಗಿ ಮತ್ತೆ ಸುಮಾರು 5 ಗಂಟೆ ಹಾರಿದ್ರೆ ತಹಿತಿಯ ಪಪೀಟೆ. ಮಧ್ಯೆ ಅಂತರರಾಷ್ಟ್ರೀಯ ದಿನಾಂಕ ರೇಖೆ ದಾಟ್ತೀರಿ, ಅದಕ್ಕೆ ಆಕ್ಲೆಂಡಲ್ಲಿ ಬುಧವಾರ ಹತ್ತಿದೋರು ಪಪೀಟೆಯಲ್ಲಿ ಮಂಗಳವಾರ ರಾತ್ರಿ ಇಳೀತೀರಿ. ಕ್ಯಾಲೆಂಡರ್ ನೋಡಿದ್ರೆ ಒಂದೂವರೆ ದಿನ ಅನ್ಸತ್ತೆ, ಮೈ ಮಾತ್ರ 50 ಗಂಟೆ ಪ್ರಯಾಣ ಮಾಡಿರತ್ತೆ. ವಾಪಸ್ ಬರುವಾಗ ಆ ಒಂದು ದಿನ ಕೈಬಿಟ್ಟು ಹೋಗತ್ತೆ. ಅಮೆರಿಕ ಸುತ್ತಿ ಲಾಸ್ ಏಂಜಲೀಸ್ ಮೇಲೂ ಹೋಗಬಹುದು, ಆದ್ರೆ ಬರೀ ವಿಮಾನ ಬದಲಾಯಿಸೋಕೂ ಅಮೆರಿಕದ ವೀಸಾ ಬೇಕು, ಅದು ಮೊದಲೇ ಕೈಯಲ್ಲಿರೋರಿಗೆ ಮಾತ್ರ ನಾನು ಆ ದಾರಿ ಹೇಳೋದು.

ಟೈಮಿನ ವ್ಯತ್ಯಾಸ ಹದಿನೈದೂವರೆ ಗಂಟೆ. ನಮ್ಮಲ್ಲಿ ಬೆಳಿಗ್ಗೆ ಆರು ಅಂದ್ರೆ ಅಲ್ಲಿ ಹಿಂದಿನ ದಿನ ಮಧ್ಯಾಹ್ನ ಎರಡೂವರೆ. ಮೊದಲ ಎರಡು ದಿನ ಊಟದ ಹೊತ್ತಿಗೆ ಕಣ್ಣು ಎಳೆಯತ್ತೆ, ನಡುರಾತ್ರಿ ಎಚ್ಚರ ಆಗತ್ತೆ. ಆ ಎರಡು ದಿನಾನ ಹಡಗಿನ ಬಾಡಿಗೆ ಕೊಟ್ಟು ಕಳೀಬಾರ್ದು.

ಇದನ್ನ ನಾನು ಒಂದ್ಸಲ ಎಡವಿ ಕಲಿತೆ. ಸೋಮವಾರಪೇಟೆ ಕಡೆಯ ಒಂದು ಜೋಡಿಗೆ ರಜ ಕಮ್ಮಿ ಇದೆ ಅಂತ, ಹಡಗು ಹೊರಡೋ ದಿನ ಬೆಳಗಿನ ಜಾವ ಪಪೀಟೆಗೆ ಇಳಿಯೋ ಹಾಗೆ ಟಿಕೆಟ್ ಮಾಡಿದ್ದೆ. ಮಧ್ಯದ ಊರಲ್ಲಿ ವಿಮಾನ ಒಂದು ದಿನ ತಡ ಆಯ್ತು, ಹಡಗು ಇವರಿಗೋಸ್ಕರ ಕಾಯಲ್ಲ, ರಾತ್ರಿ ಹೊರಟೇಬಿಡ್ತು. ಇವರು ಮಾರನೇ ದಿನ ಇಳಿದು, ಕೈಯಿಂದ ದುಡ್ಡು ಹಾಕಿ ಲೋಕಲ್ ವಿಮಾನ ಹಿಡಿದು ಬೋರಾ ಬೋರಾದಲ್ಲಿ ಹಡಗು ಸೇರ್ಕೊಂಡ್ರು, ಹುವಾಹಿನೆ ದ್ವೀಪ ನೋಡೋದು ತಪ್ಪೇ ಹೋಯ್ತು. ಆ ರಾತ್ರಿ ಹೆಂಡ್ತಿ ಫೋನಲ್ಲಿ ಅತ್ತಿದ್ದು ನಂಗೆ ಇವತ್ತಿಗೂ ನೆನಪಿದೆ, ಪ್ಲಾನ್ ಮಾಡಿದ್ದು ನಾನು, ಹೊಣೆಯೂ ನಂದೇ. ಆಮೇಲಿಂದ ಯಾರೇ ಆಗ್ಲಿ, ಹಡಗು ಹತ್ತೋಕೆ ಮುಂಚೆ 2 ರಾತ್ರಿ ತಹಿತಿಯಲ್ಲಿ ಇರ್ಬೇಕು, ಒಪ್ಪದೇ ಇದ್ರೆ ನಾನು ಬುಕಿಂಗ್ ತಗೊಳ್ಳಲ್ಲ.

ಈಗ ಹಡಗಿನ ವಿಷಯ. ತಹಿತಿ ಸೇರಿರೋ ಫ್ರೆಂಚ್ ಪಾಲಿನೇಷ್ಯಾ ಅಂದ್ರೆ ಐದು ದ್ವೀಪಸಮೂಹ, 118 ದ್ವೀಪ. ನಾವು ಫೋಟೋದಲ್ಲಿ ನೋಡೋ ತಹಿತಿ, ಮೊರೆಯಾ, ಹುವಾಹಿನೆ, ರಾಯಾಟೆಯಾ, ತಹಾ, ಬೋರಾ ಬೋರಾ ಎಲ್ಲ ಸೊಸೈಟಿ ದ್ವೀಪಗಳು ಅನ್ನೋ ಒಂದೇ ಗುಂಪಿನೋವು. ಪಪೀಟೆಯಿಂದ ಬೋರಾ ಬೋರಾಗೆ ಸುಮಾರು 260 ಕಿಲೋಮೀಟರ್, ಅಂದ್ರೆ ನಮ್ಮ ಮಡಿಕೇರಿಯಿಂದ ಬೆಂಗಳೂರಿನಷ್ಟೇ. ಮೊರೆಯಾ ಅಂತೂ 17 ಕಿಲೋಮೀಟರ್, ಎದುರಿಗೇ ಕಾಣತ್ತೆ. ಗಂಟೆಗೆ 28-30 ಕಿಲೋಮೀಟರ್ ಹೋಗೋ ಹಡಗಿಗೆ ಈ ದ್ವೀಪಗಳ ಮಧ್ಯ ಓಡಾಡೋಕೆ ರಾತ್ರಿ ಹೊತ್ತು ಸಾಕು, ನೀವು ಮಲಗಿರುವಾಗ ಹೋಗತ್ತೆ, ಎದ್ದಾಗ ಲಗೂನ್, ಅಂದ್ರೆ ಹವಳದ ಗೋಡೆ ಒಳಗಿನ ಶಾಂತ ನೀರು, ಅದರಲ್ಲಿ ನಿಂತಿರತ್ತೆ. 1998ರಿಂದ ಅಲ್ಲೇ ಓಡ್ತಾ ಇರೋ ಪಾಲ್ ಗೋಗ್ಯಾಂ ಅನ್ನೋ ಹಡಗು ನೋಡಿ, 330ರ ಆಸುಪಾಸು ಜನ ಹಿಡಿಯತ್ತೆ, ಅದರ 7 ರಾತ್ರಿ ಟ್ರಿಪ್ಪಲ್ಲಿ ಬೋರಾ ಬೋರಾದಲ್ಲಿ 2 ದಿನ, ಮೊರೆಯಾದಲ್ಲಿ 2 ದಿನ, ಹುವಾಹಿನೆ, ತಹಾ ಒಂದೊಂದು ದಿನ ಸಿಗತ್ತೆ, ಪೂರ್ತಿ ದಿನ ಬರೀ ಸಮುದ್ರದಲ್ಲೇ ಕಳೆಯೋದು ಅಂತ ಇರೋದೇ ಇಲ್ಲ. 7 ರಾತ್ರಿಗೆ 6 ಹಗಲು ದ್ವೀಪ. ಇದಕ್ಕಿಂತ ಒಳ್ಳೇ ಲೆಕ್ಕ ಕ್ರೂಸಲ್ಲಿ ಸಿಗೋದು ಅಪರೂಪ.

ದಿನ ಜಾಸ್ತಿ ಮಾಡಿದ ಹಾಗೆ ಈ ಲೆಕ್ಕ ಬದಲಾಗತ್ತೆ. 10 ರಾತ್ರಿದು ಟುವಾಮೊಟು ದ್ವೀಪಗಳ ಕಡೆ, ಅಂದ್ರೆ ರಂಗಿರೋವಾ, ಫಕರಾವಾ ತನಕ ಹೋಗತ್ತೆ. ಅಲ್ಲಿ ಬೆಟ್ಟವೇ ಇಲ್ಲ, ಹವಳದ ದಿಬ್ಬ ಉಂಗುರದ ಥರ ಸುತ್ತ ಇದ್ದು ಮಧ್ಯ ನೀರು, ದಿಬ್ಬದ ಮೇಲೆ ತೆಂಗಿನ ಮರ. ಡೈವಿಂಗ್, ಸ್ನಾರ್ಕೆಲಿಂಗ್ ಇಷ್ಟ ಇದ್ರೆ ಈ 3 ದಿನ ಚಿನ್ನ, ನೀರಿಗೆ ಇಳಿಯಲ್ಲ ಅನ್ನೋರಿಗೆ ಬೇಜಾರು. 11 ರಾತ್ರಿದು ಕುಕ್ ದ್ವೀಪಗಳ ಕಡೆ, ಅದು ಬೇರೆ ದೇಶ, ಸಮುದ್ರದ ದಿನಗಳು ಸೇರ್ಕೊಳ್ಳತ್ತೆ, ಅಲೆ ಜೋರಿದ್ರೆ ಅಲ್ಲಿನ ಐಟುಟಾಕಿ ದ್ವೀಪದಲ್ಲಿ ದಡಕ್ಕೆ ಇಳಿಸೋಕೇ ಆಗಲ್ಲ. ಇನ್ನು ನಮ್ಮ ಪ್ಲಾಂಟರು ಕೇಳಿದ 14 ರಾತ್ರಿದು ಮಾರ್ಕೆಸಾಸ್ ದ್ವೀಪಗಳ ತನಕ. ಪಪೀಟೆಯಿಂದ ಅಲ್ಲಿಗೆ ಸುಮಾರು 1,400 ಕಿಲೋಮೀಟರ್, ಗಂಟೆಗೆ 30 ಅಂದ್ಕೊಂಡ್ರೂ ಹತ್ರ ಹತ್ರ 47 ಗಂಟೆ ಆಯ್ತು, ಹೋಗೋಕೆ ಒಮ್ಮೆ, ಬರೋಕೆ ಒಮ್ಮೆ. ಅಂದ್ರೆ ಹೆಚ್ಚಿಗೆ ತಗೊಂಡ 7 ದಿನದಲ್ಲಿ ಅರ್ಧ ಬರೀ ನೀಲಿ ನೀರು.

ಹಾಗಂತ ಮಾರ್ಕೆಸಾಸ್ ಬೇಡ ಅಂತ ನಾನು ಹೇಳಲ್ಲ, ನಿಜ ಹೇಳ್ಬೇಕು ಅಂದ್ರೆ ಕೊಡಗಿನೋರಿಗೆ ಹೃದಯಕ್ಕೆ ತಾಗೋ ದ್ವೀಪ ಅಂದ್ರೆ ಅವೇ. ಕಪ್ಪು ಬಂಡೆಯ ಕಡಿದಾದ ಬೆಟ್ಟ, ಮಂಜು, ಕಣಿವೆ ಒಳಗೆ ಹಳೇ ಕಲ್ಲಿನ ಜಗಲಿಗಳು, ಕಾಡು ಕುದುರೆ. 2024ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೂ ಸೇರ್ತು. ಆದ್ರೆ ಅಲ್ಲಿ ಸುತ್ತ ಹವಳದ ಗೋಡೆ ಇಲ್ಲ, ಸಮುದ್ರದ ಅಲೆ ನೇರ ದಡಕ್ಕೇ ಬಡಿಯತ್ತೆ, ಚಿಕ್ಕ ಬೋಟಿಂದ ದಕ್ಕೆಗೆ ಕಾಲಿಡುವಾಗ ಸಿಬ್ಬಂದಿ ಎರಡೂ ಕೈ ಹಿಡಿದು ಅಲೆ ಮೇಲೆ ಬಂದ ಕ್ಷಣಕ್ಕೆ ಎತ್ತಿ ಬಿಡ್ತಾರೆ. ಮಂಡಿ ನೋವಿರೋರಿಗೆ ಅದು ಕಷ್ಟ. ಮಾರ್ಕೆಸಾಸೇ ಬೇಕು ಅಂತ ಮನಸ್ಸು ಮಾಡಿದೋರಿಗೆ ನಾನು ಅರಾನುಯಿ 5 ಹೇಳ್ತೀನಿ, ಅರ್ಧ ಸರಕು ಹಡಗು ಅರ್ಧ ಪ್ರಯಾಣಿಕರ ಹಡಗು, ಸುಮಾರು 12 ದಿನದ ಟ್ರಿಪ್, ಆ ದ್ವೀಪದ ಜನಕ್ಕೆ ಸಿಮೆಂಟು, ಅಕ್ಕಿ, ಬಿಯರು ಇಳಿಸ್ತಾ ಕೊಬ್ಬರಿ ತುಂಬ್ಕೊಂಡು ಬರತ್ತೆ, ಸಮುದ್ರದ ದಿನಗಳೂ ಅದರಲ್ಲಿ ದಂಡ ಅನ್ಸಲ್ಲ. ಬೋರಾ ಬೋರಾ ಆಸೆ ಇಟ್ಕೊಂಡೋರು ಮಾತ್ರ ಹೇಗೂ ಹೋಗ್ತೀವಲ್ಲ ಅಂತ 14 ರಾತ್ರಿಗೆ ಹೋಗ್ಬೇಡಿ.

"ಹಾಗಾದ್ರೆ ವಿಮಾನಕ್ಕೇ ಅಷ್ಟು ದುಡ್ಡು ಸುರಿದು 7 ದಿನಕ್ಕೆ ವಾಪಸ್ ಬರೋದಾ?" ಅಂತ ಅವರು ಕೇಳಿದ್ರು. ಇಲ್ಲ, ದಿನ ಜಾಸ್ತಿ ಮಾಡಿ, ಹಡಗಲ್ಲಿ ಬೇಡ, ದಡದಲ್ಲಿ ಮಾಡಿ. ಹಡಗಿನ ಒಂದು ರಾತ್ರಿಯ ರೇಟಿಗೂ ಮೊರೆಯಾದ ಒಂದು ಪಾನ್ಸಿಯೋನ್ ರೇಟಿಗೂ ತುಂಬಾ ಅಂತರ ಇದೆ, ಪಾನ್ಸಿಯೋನ್ ಅಂದ್ರೆ ನಮ್ಮ ಹೋಂಸ್ಟೇ ಇದ್ದ ಹಾಗೆ, ಮನೆಯವರೇ ನಡೆಸೋದು. ಹೋಂಸ್ಟೇ ಅಂದ್ರೆ ಏನು, ಅದರಲ್ಲಿ ಏನು ಸಿಗತ್ತೆ ಅಂತ ಕೊಡಗಿನೋರಿಗೆ ನಾನು ಹೇಳ್ಕೊಡ್ಬೇಕಾ. ಅಂಗಳದಲ್ಲಿ ಜೀಗುಜ್ಜೆ ಮರ ಇರತ್ತೆ, ಅದನ್ನೇ ಕೆಂಡದಲ್ಲಿ ಸುಟ್ಟು ಕೊಡ್ತಾರೆ, ಜೊತೆಗೆ ನಿಂಬೆ ರಸ, ತೆಂಗಿನ ಹಾಲಲ್ಲಿ ನೆನೆಸಿದ ಹಸಿ ಟ್ಯೂನಾ ಮೀನು.

ಹಡಗಲ್ಲಿ ಏನು ತಪ್ಪಿ ಹೋಗತ್ತೆ ಅಂತ ನಂಗೆ ಗೊತ್ತಾಗಿದ್ದು ತಹಾದಲ್ಲಿ. ಆ ದ್ವೀಪಕ್ಕೆ ವೆನಿಲ್ಲಾ ದ್ವೀಪ ಅಂತಲೇ ಹೆಸರು. ಹಡಗು ಅಲ್ಲಿ ನಿಲ್ಲೋದು ಒಂದೇ ಹಗಲು, ಆ ಹಗಲಲ್ಲಿ ಮರಳ ದಿಬ್ಬದ ಮೇಲೆ ಊಟ, ಈಜು ಅಂತ ಇಟ್ಟಿರ್ತಾರೆ, ಜನ ಎಲ್ಲ ಅಲ್ಲಿಗೇ ಹೋದ್ರು. ನಾನು ಎರಡನೇ ಸಲ ಹೋದಾಗ ಹಡಗು ಮುಗಿಸಿ ಅಲ್ಲಿ 2 ರಾತ್ರಿ ಉಳ್ಕೊಂಡೆ. ಬೆಳಿಗ್ಗೆ ಏಳು ಗಂಟೆಗೆ ಒಬ್ಬ ಹೆಂಗಸು ತೋಟಕ್ಕೆ ಕರ್ಕೊಂಡು ಹೋಗಿ, ಕಾಯಿ ಕಟ್ಟಲಿ ಅಂತ ಒಂದು ಚೂಪು ಕಡ್ಡಿಯಲ್ಲಿ ವೆನಿಲ್ಲಾ ಹೂವಿನ ಒಳಗಿನ ಸಣ್ಣ ಪರದೆ ಎತ್ತಿ, ಹೆಬ್ಬೆರಳಲ್ಲಿ ಪರಾಗ ಒತ್ತಿ ಬಿಟ್ಟಳು, ಎರಡು ಸೆಕೆಂಡ್ ಆಗಿರಬಹುದು. ನಾನು ಕೈ ಚಾಚಿ ಕಡ್ಡಿ ಇಸ್ಕೊಂಡು ಪಕ್ಕದ ಹೂವಿಗೆ ಹಾಗೇ ಮಾಡಿದೆ. ಅವಳಿಗೆ ಆಶ್ಚರ್ಯ. 2003ರ ಹೊತ್ತಿಗೆ ನಮ್ಮೂರಲ್ಲಿ ವೆನಿಲ್ಲಾ ಹುಚ್ಚು ಹಿಡಿದಿತ್ತಲ್ಲ, ಹಸಿ ಬೀನ್ಸ್ ಕೆಜಿಗೆ ಸಾವಿರಗಟ್ಟಲೆ ಬೆಲೆ ಬಂದು ಆಮೇಲೆ ನೆಲ ಕಚ್ಚಿತು, ನಮ್ಮ ಮನೆ ಹಿಂದೆಯೂ ಅಮ್ಮ ದಿನಾ ಬೆಳಿಗ್ಗೆ ಹೂ ಬಾಡೋಕೆ ಮುಂಚೆ ಇದೇ ಕೆಲಸ ಮಾಡ್ತಿದ್ರು. ಭಾಷೆ ಬರಲ್ಲ, ಆದ್ರೂ ಅರ್ಧ ಗಂಟೆ ನಾವಿಬ್ರೂ ಬಳ್ಳಿಯಿಂದ ಬಳ್ಳಿಗೆ ಹೋದ್ವಿ. ಅಲ್ಲಿ ಈ ಕೆಲಸಕ್ಕೆ ವೆನಿಲ್ಲಾಗೆ ಮದುವೆ ಮಾಡಿಸೋದು ಅಂತಾರಂತೆ. ಹಡಗಿಗೆ ವಾಪಸ್ ಓಡೋ ಅವಸರ ಇದ್ದಿದ್ರೆ ಇದೆಲ್ಲ ಆಗ್ತಿತ್ತಾ?

ಯಾವಾಗ ಹೋಗೋದು ಅನ್ನೋದೂ ದಿನದ ಲೆಕ್ಕದಲ್ಲೇ ಬರತ್ತೆ. ಅಲ್ಲಿ ಮೇಯಿಂದ ಅಕ್ಟೋಬರ್ ಒಣ ಕಾಲ, ನವೆಂಬರಿಂದ ಮಳೆ, ನಮ್ಮದಕ್ಕೆ ಪೂರ್ತಿ ಉಲ್ಟಾ. ನಮ್ಮಲ್ಲಿ ಡಿಸೆಂಬರಿಂದ ಮಾರ್ಚ್ ತನಕ ಕಾಫಿ ಕೊಯ್ಲು, ಮೆಣಸು, ಆಮೇಲೆ ಕಾಫಿ ಹೂ ಅರಳಿಸೋ ಮಳೆಗೆ ಕಾಯೋದು, ತೋಟ ಬಿಟ್ಟು ಕದಲೋಕೆ ಆಗಲ್ಲ. ಜುಲೈ, ಆಗಸ್ಟಲ್ಲಿ ಅಲ್ಲಿ ಮರಾಆಮು ಅನ್ನೋ ಆಗ್ನೇಯದ ಗಾಳಿ ಬೀಸತ್ತೆ, ಸಮುದ್ರ ಕುಲುಕತ್ತೆ, ಇಲ್ಲಿ ರಸ್ತೆ ನಂಬೋ ಹಾಗಿಲ್ಲ, 2018ರ ಆಗಸ್ಟಿನ ಭೂಕುಸಿತ ಯಾರು ಮರೀತಾರೆ. ಅದಕ್ಕೆ ನಾನು ಸೆಪ್ಟೆಂಬರ್ 3ರ ಕೈಲ್‌ಪೊಳ್ದ್ ಹಬ್ಬ ಮುಗಿಸಿ ಹೊರಟು, ಅಕ್ಟೋಬರ್ ನಡುವಿನ ಕಾವೇರಿ ಸಂಕ್ರಮಣಕ್ಕೆ ಮನೆ ಸೇರಿ ಅಂತೀನಿ. ಆ ಆರು ವಾರದಲ್ಲಿ ಮೊರೆಯಾ ಸುತ್ತ ಹಂಪ್‌ಬ್ಯಾಕ್ ತಿಮಿಂಗಿಲಗಳು ಮರಿ ಜೊತೆ ಇರ್ತಾವೆ.

ವೀಸಾ ಬಗ್ಗೆ ಒಂದು ಮಾತು. ಫ್ರಾನ್ಸಿಗೆ ಸೇರಿದ್ದು ಅಂತ ಯುರೋಪಿನ ಷೆಂಗೆನ್ ವೀಸಾ ಇಟ್ಕೊಂಡು ಹೋಗೋಕೆ ಆಗಲ್ಲ, ಫ್ರೆಂಚ್ ಪಾಲಿನೇಷ್ಯಾಗೆ ಅಂತಲೇ ವೀಸಾ ಮೇಲೆ ಬರೆದಿರ್ಬೇಕು, ಬೆಂಗಳೂರಲ್ಲೇ ಅರ್ಜಿ ಹಾಕಬಹುದು. ಕುಕ್ ದ್ವೀಪಕ್ಕೆ ಹೋಗೋ 11 ರಾತ್ರಿದು ತಗೊಂಡ್ರೆ ನೀವು ದೇಶ ಬಿಟ್ಟು ಮತ್ತೆ ಒಳಗೆ ಬಂದ ಹಾಗೆ, ಅದಕ್ಕೆ ಒಂದಕ್ಕಿಂತ ಹೆಚ್ಚು ಸಲ ಪ್ರವೇಶದ ವೀಸಾನೇ ಕೇಳಿ. ಆಕ್ಲೆಂಡಲ್ಲಿ ರಾತ್ರಿ ಉಳಿಯೋಕೆ ನ್ಯೂಜಿಲೆಂಡ್ ವೀಸಾ ಬೇರೆ.

ವಿರಾಜಪೇಟೆಯೋರಿಗೆ ಕೊನೆಗೆ ನಾವು ಹಾಕಿದ್ದು ಹೀಗೆ: ತಹಿತಿಯಲ್ಲಿ 2 ರಾತ್ರಿ, ಹಡಗಲ್ಲಿ 7, ಆಮೇಲೆ ಮೊರೆಯಾದಲ್ಲಿ 4. ಹಡಗಲ್ಲಿ ನಡುಭಾಗದ ಕೆಳಗಿನ ಡೆಕ್ಕಿನ ಕ್ಯಾಬಿನ್, ಕುಲುಕಾಟ ಅಲ್ಲಿ ಕಮ್ಮಿ. ಅವರ ಮನೆಯವರು ತುಂಬಾ ಹೊತ್ತು ಸುಮ್ನೆ ಮ್ಯಾಪ್ ನೋಡ್ತಿದ್ದೋರು, "ಬೋರಾ ಬೋರಾ ಕಾಣೋದು ಎಷ್ಟು ಹೊತ್ತಿಗೆ?" ಅಂತ ಕೇಳಿದ್ರು. ಆ ಲಗೂನಿಗೆ ಹಡಗು ಒಳಗೆ ಹೋಗೋಕೆ ಇರೋದು ತೆಯಾವನುಯಿ ಅನ್ನೋ ಒಂದೇ ಬಾಗಿಲು, ಎರಡೂ ಕಡೆ ಅಲೆ ಬಿಳಿಯಾಗಿ ಒಡೀತಾ ಇರತ್ತೆ, ಮಧ್ಯದಲ್ಲಿ ಮಾತ್ರ ಕಡು ನೀಲಿ ನೀರು, ಎದುರಿಗೆ 727 ಮೀಟರಿನ ಒಟೆಮನು ಬೆಟ್ಟ, ನಮ್ಮ ಕೊಡಗಿನ ತಡಿಯಂಡಮೋಳು ಬೆಟ್ಟದ ಅರ್ಧಕ್ಕಿಂತ ಕಮ್ಮಿ ಎತ್ತರ, ಆದ್ರೂ ನೇರ ನೀರಿಂದ ಎದ್ದು ನಿಂತಿರೋದ್ರಿಂದ ಕತ್ತು ಎತ್ತಿ ನೋಡ್ಬೇಕು. ಹಿಂದಿನ ರಾತ್ರಿ ರಿಸೆಪ್ಷನಲ್ಲಿ ಒಳಗೆ ಹೋಗೋ ಟೈಮ್ ಕೇಳ್ಕೊಂಡು ಅಲಾರಂ ಇಟ್ಕೊಳ್ಳಿ, ಕಾಫಿ ಕಪ್ ಹಿಡ್ಕೊಂಡು ಮುಂದಿನ ಡೆಕ್ಕಿಗೆ ಬನ್ನಿ ಅಂದೆ. ಅವರು ಪೆನ್ ತಗೊಂಡು ಬ್ಯಾಗಲ್ಲಿದ್ದ ಡೈರಿಯಲ್ಲಿ ಅಲಾರಂ ಅಂತ ಬರ್ಕೊಂಡ್ರು, ಆಮೇಲೆ ಇಬ್ಬರೂ ವೀಸಾ ಫೋಟೋ ತೆಗೆಸೋಕೆ ಪಕ್ಕದ ಸ್ಟುಡಿಯೋಗೆ ಹೋದ್ರು.